ನನ್ನ ಖರ್ಚು, ನಮ್ಮವರ ಫೋನು

ನಿವೃತ್ತರಾಗಿ ಮನೆಯಲ್ಲಿ ಕುಳಿತ ಗಂಡಸರ ಕಣ್ಣು ಮೊದಲು ಬೀಳುವುದು ಫ್ಯಾನಿನ ಮೇಲೆ. ಯಾರೂ ಇಲ್ಲದ ಕೋಣೆಯಲ್ಲಿ ಅದೇಕೆ ತಿರುಗುತ್ತಿದೆ ಎಂದು ಕೇಳುತ್ತಾರೆ. ಆಮೇಲೆ ಗ್ಯಾಸಿನ ಉರಿ ಪಾತ್ರೆಯ ತಳಕ್ಕಿಂತ ಅಗಲವಾಗಿ ಯಾಕೆ ಉರಿಯುತ್ತಿದೆ ಎಂದು ಬಗ್ಗಿ ನೋಡುತ್ತಾರೆ. ಅಲ್ಲಿಂದ ಆ ಕಣ್ಣು ಹೆಂಡತಿಯ ಕೈಖರ್ಚಿಗೆ ಬರಲು ಬಹಳ ದಿನ ಬೇಕಾಗುವುದಿಲ್ಲ. ನಮ್ಮವರು ಸಾಂಗ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ನೌಕರಿ ಇರುವತನಕ ನಾವಿರುವ ಮಿರಜದಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಬಂದವರು. ಊರವರ ಬಿಲ್ಲುಗಳಲ್ಲಿ ತಪ್ಪು ಹುಡುಕುವುದೇ ಅಲ್ಲಿ ಅವರ ಕೆಲಸವಾಗಿತ್ತು. ಕಚೇರಿ ಬಿಟ್ಟ ಮೇಲೆ ತಪ್ಪು ಹುಡುಕಲು ಅವರಿಗೆ ಉಳಿದವಳು ನಾನೊಬ್ಬಳೇ.

ಅಲ್ಲಿಯವರೆಗೆ ಮನೆಯ ದುಡ್ಡು ನನ್ನ ಕೈಯಲ್ಲಿತ್ತು. ಸಂಬಳದ ದಿನ ಅವರು ನೋಟುಗಳನ್ನು ತಂದು ನನ್ನ ಮುಂದಿಟ್ಟರೆ ಮುಗಿಯಿತು, ಮುಂದಿನ ತಿಂಗಳವರೆಗೆ ಅದರ ಮಾತೇ ಇಲ್ಲ. ಅದರಲ್ಲಿ ಬಾಡಿಗೆ, ಕಿರಾಣಿ, ಮಗಳ ಶಾಲೆ, ಅತ್ತೆಯ ಔಷಧ, ಬಂದವರು ಹೋದವರು ಎಲ್ಲವನ್ನೂ ತೂಗಿಸಿ, ಇನ್ನೊಂದಿಷ್ಟನ್ನು ನಾನು ಬೇಳೆ ಡಬ್ಬಿಯ ತಳದಲ್ಲಿ ಹಾಕಿಡುತ್ತಿದ್ದೆ. ಅದು ಕಳ್ಳ ದುಡ್ಡಲ್ಲ. ನಮ್ಮವರಿಗೂ ಅದು ಅಲ್ಲಿರುವುದು ಗೊತ್ತಿತ್ತು, ಎಷ್ಟು ಎಂದು ಗೊತ್ತಿರಲಿಲ್ಲ, ಅಷ್ಟೇ. ನಾದಿನಿಯ ಮಗಳಿಗೆ ಬಳೆ, ಕೆಲಸದವಳ ಮಗು ಜ್ವರ ಬಂದು ಮಲಗಿದಾಗ ಡಾಕ್ಟರ ಫೀಸು, ನನಗೆ ಮನಸ್ಸಾದ ದಿನ ಒಂದು ಮಲ್ಲಿಗೆ ದಂಡೆ, ಎಲ್ಲಕ್ಕೂ ಆ ಡಬ್ಬಿಯೇ. ಯಾರನ್ನೂ ಕೇಳದೆ ಕೊಡಬಹುದಾದ, ಕೊಟ್ಟು ಯಾರಿಗೂ ಹೇಳದಿರಬಹುದಾದ ಒಂದಿಷ್ಟು ದುಡ್ಡು ಕೈಯಲ್ಲಿದ್ದರೆ ಹೆಂಗಸು ನೆಟ್ಟಗೆ ನಡೆಯುತ್ತಾಳೆ. ನಾನು ಹಾಗೆಯೇ ನಡೆದವಳು.

ಇದನ್ನೆಲ್ಲ ಕೆಡಿಸಿದ್ದು ಮಗಳು, ಅದೂ ಒಳ್ಳೆಯ ಮನಸ್ಸಿನಿಂದ. ಅವಳನ್ನು ಸಾಂಗ್ಲಿಗೇ ಕೊಟ್ಟಿದ್ದೇವೆ. ಕನ್ನಡ ಪೂರಾ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ಬರುವುದು ಮರಾಠಿ. ಒಂದು ಭಾನುವಾರ ಬಂದವಳು, ಅಮ್ಮ ಈ ವಯಸ್ಸಿನಲ್ಲಿ ಪರ್ಸು ಹಿಡಿದುಕೊಂಡು ಮಾರ್ಕೆಟ್ಟಿನ ಗದ್ದಲದಲ್ಲಿ ಓಡಾಡುವುದು ಬೇಡ, ಯಾವನಾದರೂ ಕಸಿದುಕೊಂಡರೆ ಏನು ಗತಿ ಎಂದು ನನ್ನ ಫೋನಿನಲ್ಲಿ ದುಡ್ಡು ಕೊಡುವ ವ್ಯವಸ್ಥೆ ಮಾಡಿಕೊಟ್ಟಳು. ಬ್ಯಾಂಕಿನ ಖಾತೆ ನಮ್ಮಿಬ್ಬರದೂ ಒಂದೇ, ಪೆನ್ಶನ್ ಬಂದು ಬೀಳುವುದು ಅಲ್ಲೇ. ಖಾತೆಗೆ ಕೊಟ್ಟಿರುವ ನಂಬರು ಮಾತ್ರ ನಮ್ಮವರದು. ನಾನು ಎಲ್ಲೇ ನಿಂತು ದುಡ್ಡು ಹಾಕಿದರೂ ಮನೆಯಲ್ಲಿ ಅವರ ಫೋನು ಟಿಣ್ ಅನ್ನುತ್ತದೆ, ಎಷ್ಟು ಹೋಯಿತು, ಯಾರಿಗೆ ಹೋಯಿತು ಎಂದು ಹೇಳುತ್ತದೆ. ಗುಮಾಸ್ತರಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಇನ್ನೇನಿದೆ? ಮರುದಿನದಿಂದಲೇ ಬ್ಯಾಂಕಿನಿಂದ ನಗದು ತರುವುದನ್ನು ನಿಲ್ಲಿಸಿಬಿಟ್ಟರು. ಮನೆಯಲ್ಲಿ ನೋಟು ಇದ್ದರೆ ಸುಮ್ಮಸುಮ್ಮನೆ ಖರ್ಚಾಗುತ್ತವಂತೆ. ನನ್ನ ಡಬ್ಬಿಯಲ್ಲಿದ್ದದ್ದೂ ಕೆಲವೇ ವಾರಗಳಲ್ಲಿ ಕರಗಿಹೋಯಿತು.

ಮೊದಲ ಫೋನು ಬಂದದ್ದು ನಾನು ಮೆಂತ್ಯದ ಸೊಪ್ಪು ಕೊಂಡಾಗ. ಮಾಲಗಾಂವದಿಂದ ಸೊಪ್ಪು ತರುವ ಅಜ್ಜಿಯ ಬುಟ್ಟಿಗೂ ಈಗ ಸ್ಕ್ಯಾನ್ ಮಾಡುವ ಚೀಟಿ ಕಟ್ಟಿದ್ದಾರೆ. ಆ ಚೀಟಿ ಇರುವುದು ಅವಳ ಅಳಿಯನ ಹೆಸರಿನಲ್ಲಿ. ನಾನು ಇಪ್ಪತ್ತು ರೂಪಾಯಿ ಹಾಕಿ ಸೊಪ್ಪನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಯಾರೋ ಗಂಡಸಿನ ಹೆಸರಿಗೆ ದುಡ್ಡು ಹೋಗಿದೆ, ಯಾರವನು ಎಂದು ನಮ್ಮವರು ಕೇಳಿದರು. ಮೆಂತ್ಯ ಎಂದೆ. ಮೆಂತ್ಯಕ್ಕೆ ಇಪ್ಪತ್ತು ಯಾಕೆ, ಕಟ್ಟು ದೊಡ್ಡದಿದೆಯೇ ಎಂದರು. ಹಿಂದೆ ನಿಂತ ಹೆಂಗಸರು ಸರಿಯಿರಿ ಎಂದು ಗದರುತ್ತಿದ್ದರು, ನಾನು ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮೆಂತ್ಯದ ಕಟ್ಟಿನ ಗಾತ್ರ ವರ್ಣಿಸುತ್ತಿದ್ದೆ. ಹಲ್ಲು ಕಡಿದುಕೊಂಡು ಮನೆಗೆ ಬಂದೆ. ಬಂದಮೇಲೆ ಅವರು ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, ಪರವಾಗಿಲ್ಲ ಎಂದರು.

ಆಮೇಲೆ ಇದು ದಿನದ ಪಾಡಾಯಿತು. ಹೂವಿಗೆ ಹತ್ತು ಹೋದರೆ ಫೋನು. ದಾರಿಯಲ್ಲಿ ಬಾಯಾರಿ ಕಬ್ಬಿನ ಹಾಲು ಕುಡಿದರೆ ಫೋನು. ಬೈಯುತ್ತಿದ್ದರೇ ಎಂದರೆ ಇಲ್ಲ, ಒಂದು ದಿನವೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಅವರದು ಬರೀ ವಿಚಾರಣೆ, ತಣ್ಣನೆಯ ದನಿಯಲ್ಲಿ. ಕೇಳಿದರೆ ತಪ್ಪೇನು ಅನ್ನುತ್ತಾರೆ. ಕೇಳಿದರೆ ಹೇಳಬೇಕು, ಹೇಳಿದ ಮೇಲೆ ಅದು ಅಪ್ಪಣೆ ಕೇಳಿ ಮಾಡಿದ ಖರ್ಚಿನ ಹಾಗೆಯೇ ಆಗುತ್ತದೆ ಎಂದು ಅವರಿಗೆ ತಿಳಿಸಿ ಹೇಳಲು ನನಗೆ ಬರಲಿಲ್ಲ.

ಅವರ ಉಳಿತಾಯವನ್ನಾದರೂ ನೋಡಬೇಕು. ಕರ್ನಾಟಕದ ಗಡಿ ದಾಟಿದರೆ ಪೆಟ್ರೋಲು ಅಗ್ಗ ಎಂದು ಸ್ಕೂಟರ್ ಹತ್ತಿ ಕಾಗವಾಡದವರೆಗೆ ಹೋಗುತ್ತಾರೆ. ಅಷ್ಟು ದೂರ ಹೋಗಿ ಬರಲು ಸುಟ್ಟ ಪೆಟ್ರೋಲು ಲೆಕ್ಕಕ್ಕಿಲ್ಲ. ಅಲ್ಲಿ ಜೊತೆಯ ನಿವೃತ್ತರೊಂದಿಗೆ ತಿಂದ ಭಜಿ, ಕುಡಿದ ಚಹಾ ಕೂಡ ಲೆಕ್ಕಕ್ಕಿಲ್ಲ. ಸಾಂಗ್ಲಿಯ ಪೇಟೆಯಲ್ಲಿ ಸಗಟು ದರ ಎಂದು ಬೆಲ್ಲದ ಇಡೀ ಪೆಂಟೆಯನ್ನೇ, ಕೊಡದಷ್ಟು ದೊಡ್ಡ ಗಟ್ಟಿಯನ್ನೇ ಹೊತ್ತು ತಂದರು. ಇಬ್ಬರಿರುವ ಮನೆಯಲ್ಲಿ ಅದನ್ನು ತಿನ್ನುವವರು ಯಾರು? ಇರುವೆ ತಿಂದವು. ಕವಲಾಪುರದ ಗೆಳೆಯರೊಬ್ಬರು ಹೊಲದ ಬದನೆಕಾಯಿ ಪುಕ್ಕಟೆ ಕೊಟ್ಟರು ಎಂದು ಚೀಲ ತುಂಬ ತಂದು ಸುರಿದರು. ಆ ವಾರ ಎಣ್ಣೆಗಾಯಿ, ಪಲ್ಯ, ಭರ್ತ ಎಂದು ಹೆಸರು ಬದಲಿಸಿ ಬದಲಿಸಿ ಬದನೆಕಾಯಿಯನ್ನೇ ಬಡಿಸಿದೆ. ಕೊನೆಗೆ ಬೇಸತ್ತವರೂ ಅವರೇ. ಬದನೆಕಾಯಿಗೆ ಹೋದ ಎಣ್ಣೆ ಎಷ್ಟು ಎಂದು ನಾನೇ ಕೇಳಿದೆ. ಅವರು ತಟ್ಟೆ ಸರಿಸಿ ಕೈ ತೊಳೆಯಲು ಎದ್ದರು.

ನಾನೂ ಸುಮ್ಮನೆ ಕೂರಲಿಲ್ಲ. ಕಿರಾಣಿ ಅಂಗಡಿಯವರಿಗೆ ಹೇಳಿ, ಬಿಲ್ಲಿಗಿಂತ ನೂರು ಹೆಚ್ಚು ಹಾಕಿ ಆ ನೂರನ್ನು ನೋಟಾಗಿ ಪಡೆದುಕೊಂಡೆ. ಬೇಳೆ ಡಬ್ಬಿಗೆ ಮತ್ತೆ ಜೀವ ಬಂತು ಎಂದುಕೊಂಡೆ. ಮೂರನೆಯ ಸಲಕ್ಕೇ ನಮ್ಮವರು, ಆ ಅಂಗಡಿಯವನು ವಿಪರೀತ ದುಬಾರಿ ಎಂದು ತೀರ್ಮಾನಿಸಿ ದೂರದ ಇನ್ನೊಂದು ಅಂಗಡಿಗೆ ಬದಲಾಯಿಸಿಬಿಟ್ಟರು. ಸಾಮಾನು ತರಲು ತಾವೇ ಹೋಗತೊಡಗಿದರು. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಒಂದು ಸಂಸಾರವನ್ನೇ ತೂಗಿಸಿದವಳು ನೂರು ರೂಪಾಯಿಗಾಗಿ ಕಿರಾಣಿ ಅಂಗಡಿಯವನ ಜೊತೆ ಸಂಚು ಮಾಡುವ ಹಾಗಾಯಿತಲ್ಲ.

ಹೀಗಿರುವಾಗ ನನ್ನ ತಂಗಿ ಬಂದಳು. ಅವಳಿರುವುದು ಅಥಣಿ ಕಡೆಯ ಒಂದು ಹಳ್ಳಿಯಲ್ಲಿ. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಜೀವನ ಮಾಡುವವಳು. ಹೊಟ್ಟೆನೋವು ಹಿಡಿದು ಬಹಳ ತಿಂಗಳಾಗಿತ್ತು. ಅಲ್ಲಿಯ ಡಾಕ್ಟರು ಮಿರಜಕ್ಕೆ ಹೋಗಿ ತೋರಿಸಿ ಎಂದಿದ್ದರು. ಇಲ್ಲಿಯ ದೊಡ್ಡ ದವಾಖಾನೆಗಳೆಂದರೆ ದೊಡ್ಡ ರೋಗ ಎಂದೇ ಲೆಕ್ಕ, ಆ ಕಡೆಯ ಜನರಿಗೆ ಮಿರಜಕ್ಕೆ ಹೋಗಿ ಎಂದರೆ ಅರ್ಧ ಜೀವ ಅಲ್ಲೇ ಹೋಗುತ್ತದೆ. ಮುಖ ಬಿಳಿಚಿಕೊಂಡು ಬಂದಿದ್ದಳು. ನಮ್ಮವರು ಅವಳನ್ನು ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಹೇಳಬಾರದು. ಮೊದಲ ದಿನ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತರು, ಪರೀಕ್ಷೆಯ ದುಡ್ಡು ತಾವೇ ಕಟ್ಟುತ್ತೇನೆ ಎಂದರು. ಅವಳೇ ಒಪ್ಪಲಿಲ್ಲ, ತಂದಿದ್ದೇನೆ ಎಂದು ಕಟ್ಟಿದಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಆ ಕಡೆಯಿಂದ ದವಾಖಾನೆಗೆ ಬಂದವರು ವಾಪಸು ಹೋಗುವಾಗ ಅವರ ಕೈಯಲ್ಲಿ ಒಂದಿಷ್ಟು ದುಡ್ಡು ಒತ್ತಬೇಕು. ಎಲ್ಲರೆದುರು ಕೊಡುವ ಹಾಗಿಲ್ಲ, ಎಣಿಸುವ ಹಾಗಿಲ್ಲ. ಮಡಿಸಿದ ನೋಟು ಅಂಗೈಯಿಂದ ಅಂಗೈಗೆ ಹೋಗಬೇಕು, ಅವರು ಬೇಡ ಬೇಡ ಎನ್ನಬೇಕು, ನಾವು ಬೆರಳು ಮುಚ್ಚಿಸಬೇಕು. ಬಂದ ದೂರದ ನೆಂಟರಿಗೆಲ್ಲ ನಾನು ಹಾಗೆ ಒತ್ತಿ ಕಳಿಸಿದ್ದೇನೆ. ಈಗ ಬಂದವಳು ನನ್ನ ಒಡಹುಟ್ಟಿದವಳು, ಡಬ್ಬಿ ಬರಿದು, ನನ್ನ ಕೈಯಲ್ಲಿ ಒಂದು ನೋಟಿಲ್ಲ. ಫೋನಿನಿಂದ ಹಾಕೋಣವೆಂದರೆ ಅವಳ ಬಳಿ ಇರುವುದು ಒತ್ತುವ ಗುಂಡಿಯ ಫೋನು. ನಮ್ಮವರನ್ನು ಕೇಳಿದ್ದರೆ ಕೊಡುತ್ತಿದ್ದರು, ಅದೂ ನನಗೆ ಗೊತ್ತು. ಆದರೆ ನನ್ನ ತಂಗಿಗೆ ಕೊಡುವುದನ್ನು ಕೇಳಿ ಪಡೆದು ಕೊಡಲು ನನಗೆ ಮನಸ್ಸಾಗಲಿಲ್ಲ.

ರಿಪೋರ್ಟ್ ಬರುವ ದಿನ ನಾನೇ ಅವಳ ಜೊತೆ ಹೋದೆ. ನಾವು ಹೆದರಿದಂಥದ್ದು ಏನೂ ಇರಲಿಲ್ಲ. ಪಿತ್ತಕೋಶದಲ್ಲಿ ಕಲ್ಲು, ಮುಂದಿನ ತಿಂಗಳು ಬಂದರೆ ತೆಗೆಯುತ್ತೇವೆ, ಎರಡು ದಿನದಲ್ಲಿ ಮನೆಗೆ ಹೋಗಬಹುದು ಎಂದರು ಡಾಕ್ಟರು. ತಂಗಿ ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೂ ಎದೆಯ ಭಾರ ಇಳಿದಿತ್ತು. ನೀರು ತರುತ್ತೇನೆ ಎಂದು ಹೇಳಿ ಎದುರಿನ ಔಷಧಿ ಅಂಗಡಿಗೆ ಹೋದೆ. ದವಾಖಾನೆಯ ಮುಂದಿನ ಅಂಗಡಿಗಳವರಿಗೆ ಇದು ಹೊಸದಲ್ಲ, ನಗದು ಬೇಕಾದವರು ದಿನಾ ಬರುತ್ತಾರೆ. ಅಂಗಡಿಯ ಹೆಸರು ನೋಡಿ ನಮ್ಮವರು ಔಷಧಕ್ಕೆ ಎಂದುಕೊಳ್ಳಲಿ ಎಂದು ಎರಡು ಸಾವಿರ ಸ್ಕ್ಯಾನ್ ಮಾಡಿದೆ, ಅವರು ನೋಟು ಕೊಟ್ಟರು. ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು ತಂಗಿಯ ಪಕ್ಕ ಕುಳಿತು ಅವಳ ಅಂಗೈಯಲ್ಲಿ ಒತ್ತಿದೆ. ಬೇಡ ಅಕ್ಕಾ ಎಂದಳು. ನಾನು ಬೆರಳು ಮುಚ್ಚಿಸುತ್ತಿದ್ದೆ, ಫೋನು ಹೊಡೆದುಕೊಂಡಿತು.

ನಮ್ಮವರು ಫೋನಿನಲ್ಲಿ ಮಾತಾಡಿದರೆ ಆಚೆ ಓಣಿಯವರಿಗೂ ಕೇಳಿಸುತ್ತದೆ.

“ಎರಡ ಸಾವಿರ ಯಾವುದಕ್ಕ ಹೋತು? ಔಷಧಿ ಅಂಗಡಿ ಅಂತ ಬಂದೈತಿ. ಬಿಲ್ ತಗೊಂಡಿ ಏನ?”

ಆಮೇಲೆ ಹೇಳುತ್ತೇನೆ ಎಂದೆ. ಈಗ ಹೇಳಿದರೆ ಏನಾಗುತ್ತದೆ, ಯಾರಾದರೂ ಮೋಸ ಮಾಡಿದ್ದರೆ ಈಗಲೇ ಬ್ಯಾಂಕಿಗೆ ತಿಳಿಸಬೇಕು ಎಂದರು. ಪಾಪ, ನಿಜವಾಗಿಯೂ ಗಾಬರಿಯಾಗಿದ್ದರು. ಮೋಸ ಇಲ್ಲ, ಇಡ್ರಿ ಎಂದು ನಾನು ಫೋನು ಕಟ್ ಮಾಡಿದೆ. ತಂಗಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೋಟುಗಳನ್ನು ಮತ್ತೆ ನನ್ನ ಕರವಸ್ತ್ರದಲ್ಲಿಟ್ಟಳು. ಆಮೇಲೆ ಸೊಂಟದ ಸಂಚಿ ಬಿಚ್ಚಿ ಐನೂರರ ಒಂದು ನೋಟು ತೆಗೆದು, ನಾಲ್ಕಾಗಿ ಮಡಿಸಿ, ನನ್ನ ಅಂಗೈಯಲ್ಲಿ ಒತ್ತಿದಳು.

“ಇಟಗೋ ಅಕ್ಕಾ. ನನಗ ಸರಕಾರದ ರೊಕ್ಕ ತಿಂಗಳಾ ಬರ್ತೈತಿ, ಎಮ್ಮೀದೂ ಬರ್ತೈತಿ. ಏನ ಮಾಡಿದಿ ಅಂತ ಕೇಳಾವ್ರು ಯಾರೂ ಇಲ್ಲ. ನಿನ್ನ ಕೈಯಾಗೂ ಒಂದೀಟ ಇರ್ಲಿ.”

ಬೇಡ ಬೇಡ ಎಂದವಳು ಈಗ ನಾನು. ಬೆರಳು ಮುಚ್ಚಿಸಿದವಳು ಅವಳು. ಹೊಟ್ಟೆಯಲ್ಲಿ ಕಲ್ಲು ಇಟ್ಟುಕೊಂಡು, ಮುಂದಿನ ತಿಂಗಳ ಆಪರೇಶನ್ನಿಗೆ ದುಡ್ಡು ಹೊಂದಿಸಬೇಕಾದವಳು ನನಗೆ ಕೊಡುತ್ತಿದ್ದಾಳೆ. ಆ ಕಾರಿಡಾರಿನ ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಅವಳನ್ನು ಬಸ್ಸಿಗೆ ಹತ್ತಿಸುವಾಗ ಆ ಎರಡು ಸಾವಿರವನ್ನು ಮತ್ತೆ ಅವಳ ಚೀಲಕ್ಕೆ ತುರುಕಿದೆ. ಅವಳ ಐನೂರನ್ನು ವಾಪಸು ಕೊಡಲು ಹೋದಾಗ ಮಾತ್ರ ಅವಳು ಮುಖ ಗಂಟಿಕ್ಕಿಕೊಂಡಳು. ಅದು ನನ್ನ ಬಳಿಯೇ ಉಳಿಯಿತು.

ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ನಿಂತಿದ್ದರು. ತಂಗಿಗೆ ಏನೂ ದೊಡ್ಡದಿಲ್ಲ ಎಂದು ಕೇಳಿ ನೆಮ್ಮದಿಯ ಉಸಿರು ಬಿಟ್ಟರು. ನಾನು ಚಪ್ಪಲಿ ಬಿಡುತ್ತಲೇ ಉಳಿದದ್ದನ್ನೂ ಹೇಳಿದೆ, ಅಂಗಡಿಯಿಂದ ನೋಟು ತಂದದ್ದು, ಅವರ ಫೋನು ಬಂದದ್ದು, ತಂಗಿ ನನ್ನ ಕೈಗೆ ದುಡ್ಡು ಒತ್ತಿದ್ದು. ಒಂದನ್ನೂ ಬಿಡಲಿಲ್ಲ. ಎಲ್ಲ ಕೇಳಿಸಿಕೊಂಡು ಆ ಮಹಾನುಭಾವರು ಕೇಳಿದ್ದು ಇಷ್ಟು: ಅಂಗಡಿಯವನು ನಗದು ಕೊಡಲು ಕಮಿಶನ್ ಏನಾದರೂ ಹಿಡಿದನೇ?

ನನ್ನ ಮೈಯೆಲ್ಲ ಉರಿಯಿತು. ಇಷ್ಟು ದಿನ ಬಾಯಿಗೆ ಬಾರದ ಮಾತು ಅಂದು ತಾನಾಗಿ ಬಂತು.

“ನೀವು ನೌಕರಿಗಿ ಹೋಗೂಮುಂದ ದಿನಾ ಮುಂಜಾನೆ ನಿಮ್ಮ ಕಿಸೆದಾಗ ಖರ್ಚಿಗಿ ರೊಕ್ಕ ಇಡಾಕಿ ನಾನ. ಸಂಜಿಗಿ ಮನಿಗಿ ಬಂದ ಮ್ಯಾಲ ಒಂದ ದಿನರೆ ಕೇಳೇನೇನ್ರಿ, ಏನ ಮಾಡಿದ್ರಿ ಅಂತ?”

ನಮ್ಮವರು ನನ್ನ ಕಡೆ ನೋಡಿದರು. ಅವರು ಲೆಕ್ಕ ತಪ್ಪಿದಾಗ ಮಾತ್ರ ಮಾಡುವಂತೆ ಕನ್ನಡಕ ತೆಗೆದು ಒರೆಸಿದರು. ಆಮೇಲೆ, ತಮಗೇ ಹೇಳಿಕೊಳ್ಳುವ ಹಾಗೆ ಅಂದರು:

“ಕೇಳಿದ್ದರ ಸುಳ್ಳ ಹೇಳ್ತಿದ್ದೆ.”

ಅಂದರೆ ಇವರಿಗೆ ಗೊತ್ತಿತ್ತು. ಕೇಳಿದರೆ ಮನುಷ್ಯರು ಸುಳ್ಳು ಹೇಳಬೇಕಾಗುತ್ತದೆ, ಇಲ್ಲವೇ ಸಣ್ಣವರಾಗಬೇಕಾಗುತ್ತದೆ ಎಂಬುದು ಇವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಮೆಂತ್ಯಕ್ಕೆ ಕೇಳಿದರು, ಹೂವಿಗೆ ಕೇಳಿದರು, ನನ್ನ ತಂಗಿಯೆದುರು ಕೇಳಿದರು. ಆ ಮಾತಿಗೆ ನನ್ನ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತೇನೋ. ಕರಗಲಿಲ್ಲ, ಸಿಟ್ಟು ಇನ್ನಷ್ಟು ಏರಿತು. ನಾಳೆ ಬ್ಯಾಂಕಿಗೆ ಹೋಗಿ ನಗದು ತನ್ನಿ, ನನ್ನ ಕೈಗೆ ಕೊಡಿ ಎಂದೆ. ಎಷ್ಟು ಎಂದು ಕೇಳಿದರು. ಹೇಳಿದೆ. ಯಾತಕ್ಕೆ ಎಂದು ಕೇಳಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು.