ಚಿಕ್ಕಪ್ಪನ ಆನೆಗಳು
ನಮ್ಮ ಚಿಕ್ಕಪ್ಪನ ಮನೆಯಲ್ಲಿ ಕಸದ ಬುಟ್ಟಿಗೆ ಸದಾ ಉಪವಾಸ. ಮೊಟ್ಟೆಯ ಟ್ರೇ, ಸುಟ್ಟ ಬಲ್ಬು, ಹರಿದ ಅಂಗಿಯ ಗುಂಡಿ, ಏನನ್ನು ಎಸೆಯಹೋದರೂ "ತಡಿ, ತಡಿ, ಅದರಲ್ಲೊಂದು ಆನೆ ಇದೆ" ಎಂದು ಕಿತ್ತುಕೊಳ್ಳುತ್ತಾರೆ. ಕಸದಿಂದ ರಸ ತೆಗೆಯುವುದೇ ಅವರ ಹುಚ್ಚು. ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಹಳೇ ಪೇಪರು ಹಾಸಿ, ಚಿಕ್ಕಮ್ಮನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ, ಸುಮ್ಮನೆ ನೋಡಿಕೊಂಡು ಹೋಗಲು ಬಂದ ನನ್ನನ್ನೂ ಬಿಡದೆ ಸುತ್ತ ಕೂರಿಸುತ್ತಾರೆ. ಅವರ ಆನೆಗಳೆಲ್ಲ ಹೆಗ್ಗಣದ ನೆಂಟರಂತೆ ಕಾಣುತ್ತವೆ. ಹಾಗೆಂದರೆ "ಸೊಂಡಿಲು ಒಣಗಲಿ, ಆಮೇಲೆ ಮಾತಾಡು" ಎನ್ನುತ್ತಾರೆ. ಕಳೆದ ವರ್ಷ ಚಿಕ್ಕಮ್ಮನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಬೆರಳಿಗೆ ಏನಾದರೂ ಕೆಲಸ ಕೊಡುತ್ತಿರಿ ಎಂದು ಡಾಕ್ಟರು ಹೇಳಿದ್ದೇ ತಡ, ಭಾನುವಾರದ ಕೂಟ ದಿನಾ ಸಂಜೆಯ ಕೂಟವಾಯಿತು. ಚಿಕ್ಕಪ್ಪ ಆನೆಯ ಮುಖಕ್ಕೆ ಗೋಂದು ಬಳಿದು, ಕಣ್ಣಿನ ಗುಂಡಿಯನ್ನು ಆಕೆಯ ಬೆರಳುಗಳ ನಡುವೆ ಇಟ್ಟು, "ಒತ್ತು, ಅಷ್ಟೇ" ಎನ್ನುತ್ತಾರೆ. ಗುಂಡಿ ಜಾರಿ ನೆಲದ ಮೇಲೆ ಉರುಳುತ್ತದೆ. "ಥೂ, ಈ ಗೋಂದೇ ಸರಿ ಇಲ್ಲ" ಎಂದು ಅಂಗಡಿಯವನನ್ನು ಬೈದು, ಮರುದಿನ ಬೇರೆ ಡಬ್ಬಿ ತರುತ್ತಾರೆ. ಹೀಗೆ ಕಪಾಟಿನ ತುಂಬ ಗೋಂದಿನ ಡಬ್ಬಿಗಳಾದವು. ಮೊನ್ನೆಯೂ ಗುಂಡಿ ಬಿತ್ತು. ಅವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ತೊದಲುತ್ತ, "ಗೋಂದು ಚೆನ್ನಾಗೇ ಇದೆ ರೀ" ಎಂದರು. ಮಕ್ಕಳ ಕೈಯಲ್ಲಿ ಕತ್ತರಿ ನಿಂತಿತು. ಚಿಕ್ಕಪ್ಪ ಡಬ್ಬಿಯ ಮುಚ್ಚಳ ಬಿಗಿಯತೊಡಗಿದರು. ಅದು ಪೂರ್ತಿ ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದರು.