ನಮ್ಮನೆ ಅಂದ್ಕೊಂಡು ಮಾಡಿ

ಅವನಿಗೆ ಜನ ಇಟ್ಟ ಹೆಸರು ಡಬಲ್‌ಕೋಟು. ಮನೆಗಳಿಗೆ ಬಣ್ಣ ಹೊಡೆಸುವ ಗುತ್ತಿಗೆದಾರ. ಗೋಡೆ ನೋಡಲು ಹೋದಲ್ಲೆಲ್ಲ ಎರಡು ಬೆರಳೆತ್ತಿ, "ಡಬಲ್ ಕೋಟು ಸಾರ್, ಡಬಲ್ಲು! ಅದಕ್ಕಿಂತ ಕಮ್ಮಿ ಮಾತೇ ಇಲ್ಲ" ಅನ್ನುತ್ತಿದ್ದ. ಅವನ ಹತ್ತಿರ ಕಮ್ಮಿ ಮಾತು ಇರಲಿಲ್ಲ ಅನ್ನುವುದಂತೂ ನಿಜ. ಕೋಟು ಮಾತ್ರ ಒಂದೇ, ಅದೂ ಅರ್ಧ ನೀರು.

ಇದು ಚೆನ್ನಾಗಿ ಗೊತ್ತಿದ್ದವಳು ಅವನ ಹೆಂಡತಿ. ಮದುವೆಯಾದ ಹೊಸದರಲ್ಲಿ ಅವನ ಆಸ್ತಿ ಎಂದರೆ ಒಂದು ಏಣಿ, ಎರಡು ಬ್ರಷ್ಷು, ಯಾರದೋ ಮನೆಯಲ್ಲಿ ಉಳಿದ ಡಬ್ಬಿಗಳ ತಳದ ಬಣ್ಣ. ಆಗ ಅವಳೂ ಜೊತೆಗೆ ಹೋಗುತ್ತಿದ್ದಳು. ಬಿರುಕುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ, ಅಂಗೈ ಆಡಿಸಿ ನೋಡುತ್ತಿದ್ದಳು. ಕೈ ಎಲ್ಲೂ ತಡೆಯಬಾರದು, ಆಮೇಲೇ ಪ್ರೈಮರ್. ಆ ಕಾಲದ ಮನೆಗಳು ಇವತ್ತಿಗೂ ಲಕ್ಷಣವಾಗಿ ನಿಂತಿವೆ. ಕೆಲಸ ಹೆಚ್ಚಾಯಿತು, ಹನ್ನೆರಡು ಆಳುಗಳಾದರು, ವ್ಯಾನು ಬಂತು, ಗಂಡನ ಕೈಯಲ್ಲಿ ಬ್ರಷ್ಷು ಹೋಗಿ ಮೊಬೈಲು ಬಂತು. "ನೀನಿನ್ನು ಆರಾಮಾಗಿ ಮನೇಲಿರು" ಎಂದು ಅವಳಿಗೆ ಅಪ್ಪಣೆಯಾಯಿತು.

ಆ ಆರಾಮಿನ ಮನೆಯ ಚಂದವನ್ನು ನೋಡಬೇಕಿತ್ತು. ಕಟ್ಟಿಸಿ ಹನ್ನೊಂದು ವರ್ಷವಾದರೂ ಬರೀ ಸಿಮೆಂಟ್ ಗೋಡೆ. ಒರಗಿದರೆ ಬೆನ್ನಿಗೆಲ್ಲ ಬೂದು ಪುಡಿ. ಊರಿನ ಗೋಡೆಗಳನ್ನೆಲ್ಲ ಗುತ್ತಿಗೆ ಹಿಡಿದ ಮಹಾಶಯನಿಗೆ ಸ್ವಂತ ಗೋಡೆ ಕಣ್ಣಿಗೆ ಬೀಳುತ್ತಿರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ, "ಕೈಯಲ್ಲಿರೋ ಕೆಲಸ ಮುಗೀಲಿ ಕಣೇ" ಎನ್ನುತ್ತಿದ್ದ. ಅವಳಿಗೇನೂ ಅರಮನೆ ಬೇಕಿರಲಿಲ್ಲ. ತಾನು ಕಂಡಕಂಡವರಿಗೆ ಮಾಡಿಕೊಟ್ಟಂಥ ಗೋಡೆ ತನ್ನ ಮನೆಯಲ್ಲೂ ಇರಬೇಕು, ಅಷ್ಟೇ. ಆ ಅಷ್ಟಕ್ಕೆ ಹನ್ನೊಂದು ವರ್ಷ ಗೋಗರೆದು ಅವಳ ಬಾಯಿ ಸೋತಿತ್ತು.

ಇನ್ನು ಡಬಲ್‌ಕೋಟಿನ ಲಾಭದ ಗುಟ್ಟು. ಕೆಲಸ ಶುರುವಾಗುವ ದಿನ ಮನೆಯೊಡೆಯರ ಎದುರಿಗೇ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಎದೆ ಮುಟ್ಟಿಕೊಂಡು, "ನೋಡ್ರಪ್ಪಾ, ಇದು ನಮ್ಮನೆ ಅಂದ್ಕೊಂಡು ಮಾಡಿ" ಅನ್ನುತ್ತಿದ್ದ. ಮನೆಯೊಡೆಯರು ಕರಗಿ ನೀರಾಗಿ ಆಳುಗಳಿಗೆಲ್ಲ ಕಾಫಿ ತರಿಸುತ್ತಿದ್ದರು. ಆಳುಗಳಿಗೆ ಆ ಮಾತಿನ ಅರ್ಥವೇ ಬೇರೆ. ಪುಟ್ಟಿ ಬೇಡ, ಪ್ರೈಮರ್ ಬೇಡ, ಅರ್ಧ ಬಕೆಟ್ ಬಣ್ಣಕ್ಕೆ ಅರ್ಧ ಬಕೆಟ್ ನೀರು, ಒಂದು ಸಲ ರೋಲರ್ ಎಳೆದು ಕೈ ತೊಳೆದುಕೊಳ್ಳಿ ಎಂದು. ನಿಜವಾಗಿ ಗಟ್ಟಿ ಕೆಲಸ ಆಗಬೇಕಾದ ಕಡೆ, ಅಂದರೆ ಪೊಲೀಸರ ಮನೆ, ವಕೀಲರ ಮನೆಗಳಲ್ಲಿ, "ಹುಷಾರು ಕಣ್ರೋ" ಎಂದಷ್ಟೇ ಹೇಳುತ್ತಿದ್ದ. ಊಟಕ್ಕೆ ಕೂತಾಗ ಇದನ್ನೆಲ್ಲ ದೊಡ್ಡ ಸಾಹಸದಂತೆ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೆಂಡತಿ ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಿದ್ದಳು. ಇಂಥವನ ಜೊತೆ ಪುಟ್ಟಿ ತಿಕ್ಕಿದ ತನ್ನ ಕೈಯ ಬಗ್ಗೆಯೇ ಅವಳಿಗೆ ಹೇಸಿಗೆಯಾಗುತ್ತಿತ್ತು.

ಹೀಗಿರುವಾಗ ಅರವತ್ತು ಫ್ಲ್ಯಾಟುಗಳ ಕಟ್ಟಡವೊಂದರ ಕೆಲಸ ಬಂತು. ಅದರ ಬಿಲ್ಡರ್, "ಮೊದಲು ನಿಮ್ಮನೆ ನೋಡ್ಬೇಕಲ್ಲ. ಬಣ್ಣದವನ ಕೈ ಎಂಥದ್ದು ಅಂತ ಅಲ್ಲೇ ಗೊತ್ತಾಗೋದು. ಸೋಮವಾರ ಬರ್ತೀನಿ" ಎಂದುಬಿಟ್ಟ. ಡಬಲ್‌ಕೋಟಿಗೆ ಬೆವರು ಕಿತ್ತುಕೊಂಡು ಬಂತು. ಓಡಿ ಬಂದು ಹೆಂಡತಿಗೆ, "ನಿನ್ನ ಅದೃಷ್ಟ ಖುಲಾಯಿಸ್ತು ಕಣೇ! ಯಾವ ಬಣ್ಣ ಬೇಕು ಹೇಳು" ಎಂದ. ಅವಳು ನಡುಮನೆಗೆ ಕೆನೆಬಣ್ಣ, ಕೋಣೆಗೆ ತಿಳಿಹಸಿರು ಆರಿಸಿದಳು. ಧೂಳು ಕುಡಿದರೆ ಅವಳಿಗೆ ಉಬ್ಬಸ, ಹಾಗಾಗಿ ನಾಲ್ಕು ದಿನಕ್ಕೆ ಅಕ್ಕನ ಮನೆಗೆ ಹೊರಟಳು. ಹೋಗುವಾಗ ಅವಳ ಮುಖದಲ್ಲಿದ್ದ ನಗು ನೋಡಿ ಅಕ್ಕಪಕ್ಕದವರು ಏನು ವಿಶೇಷ ಎಂದು ಕೇಳಿದರು.

ಇತ್ತ ಆಳುಗಳು ಬಂದರು. ಡಬಲ್‌ಕೋಟು ಒಂದು ಕಿವಿಗೆ ಮೊಬೈಲು ಒತ್ತಿಕೊಂಡು, ನಾಲ್ಕು ದಿನದ ಪರವೂರ ಕೆಲಸಕ್ಕೆಂದು ವ್ಯಾನು ಹತ್ತುತ್ತಾ, ಮೇಸ್ತ್ರಿಗೆ ಕೂಗಿ ಹೇಳಿದ: "ಏ ಮೇಸ್ತ್ರಿ, ಇದು ನಮ್ಮನೆ ಕಣಯ್ಯಾ! ನಮ್ಮನೆ ಅಂದ್ಕೊಂಡೇ ಮಾಡು!"

ಭಾನುವಾರ ಗಂಡ ಹೆಂಡತಿ ಒಟ್ಟಿಗೇ ಬಾಗಿಲು ತೆರೆದರು. ದೂರದಿಂದ ನಡುಮನೆ ಬೆಳಗುತ್ತಿತ್ತು. ಅವಳು ಹತ್ತಿರ ಹೋಗಿ ಅಭ್ಯಾಸಬಲದಿಂದ ಅಂಗೈ ಆಡಿಸಿದಳು. ಗೋಡೆಯ ಕೆನೆಬಣ್ಣ ಅಂಗೈಗೆ ಬಂತು. ಬಿರುಕುಗಳು ಎಲ್ಲಿದ್ದವೋ ಅಲ್ಲೇ ಇದ್ದವು, ಬಣ್ಣ ಬಳಿದುಕೊಂಡು.

"ಏನಯ್ಯಾ ಇದು?" ಎಂದು ಗಂಡ, ಮೂಲೆಯಲ್ಲಿ ಡಬ್ಬಿ ಜೋಡಿಸುತ್ತಿದ್ದ ಮೇಸ್ತ್ರಿಯ ಮೇಲೆ ಕಿರುಚಿದ.

"ನೀವು ಹೇಳಿದ್ ಹಾಗೇ ಮಾಡಿದ್ದೀವಲ್ಲ ಯಜಮಾನ್ರೇ," ಎಂದ ಮೇಸ್ತ್ರಿ, ಪಾಪ, ಹೊಗಳಿಕೆ ಕಾಯುವವನಂತೆ. "ಎರಡೆರಡು ಸಲ ಹೇಳಿದ್ರಿ. ಅದಕ್ಕೇ ಇನ್ನೊಂದ್ ಬಕೆಟ್ ನೀರು ಜಾಸ್ತೀನೇ ಹಾಕಿದ್ವಿ."

ಅವಳಿಗೆ ಮೊದಲು ನಗು ಬಂತು. ಗಂಡನ ಹುಳ್ಳಗಾದ ಮುಖ ನೋಡಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಅಂಗೈ ನೋಡಿಕೊಂಡು ಅತ್ತಳು.

ಮರುದಿನ ಬಿಲ್ಡರ್ ಕರಿ ಕೋಟು ತೊಟ್ಟು ಬಂದ. ಮಾತಾಡುತ್ತಾ ಗೋಡೆಗೆ ಒರಗಿದ. ಈಚೆ ಸರಿದಾಗ ಭುಜದ ತುಂಬ ಕೆನೆಬಣ್ಣ. ಡಬಲ್‌ಕೋಟಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಲ್ಡರ್ ಭುಜ ಒರೆಸಿಕೊಂಡ, ಉಗುರಿನಿಂದ ಗೋಡೆ ಕೆರೆದ, ನಿಧಾನವಾಗಿ ನಕ್ಕ.

"ಸ್ವಂತ ಮನೆಗೇ ಹೀಗೆ ಮಾಡೋನು ಅಂದ್ರೆ ಸಾಮಾನ್ಯದವರಲ್ಲ ಬಿಡಿ ನೀವು. ಫ್ಲ್ಯಾಟು ಮಾರೋವರೆಗೂ ಹೊಳೆದ್ರೆ ಸಾಕು, ನಾನೇನು ಅಲ್ಲಿ ಸಂಸಾರ ಮಾಡ್ತೀನಾ? ನನಗೆ ಇಂಥದ್ದೇ ಬೇಕಾಗಿತ್ತು. ಗುರುವಾರ ನಮ್ಮ ಪಾಲುದಾರರನ್ನೂ ಕರ್ಕೊಂಡ್ ಬಂದು ಮಾತು ಮುಗಿಸೋಣ."

ಬಿಲ್ಡರ್ ಹೋದ ಮೇಲೆ ಡಬಲ್‌ಕೋಟು ನಡುಮನೆಯಲ್ಲಿ ಕುಣಿಯುವುದೊಂದು ಬಾಕಿ. ಹೆಂಡತಿ ಕೇಳಿದಳು: "ಕೆಲಸ ಸಿಕ್ತಲ್ಲ ರೀ. ಇನ್ನು ಇದನ್ನ ಕೆರೆಸಿ ಸರಿಯಾಗಿ ಹೊಡೆಸ್ತೀರಾ?"

"ತಲೆ ಕೆಟ್ಟಿದ್ಯಾ ನಿನಗೆ? ಇದು ಸ್ಯಾಂಪಲ್ಲು ಕಣೇ! ಇನ್ಮೇಲೆ ಯಾರ್ ಬಂದ್ರೂ ಇದನ್ನೇ ತೋರಿಸೋದು. ಗೋಡೆ ಮುಟ್ಬೇಡ, ಒರಗ್ಬೇಡ."

ಇಷ್ಟು ವರ್ಷ ಈ ಗಂಡಸಿನ ಮಾತಿಗೆ ಕಾದು ಕೂತಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಗುರುವಾರ ಬೆಳಗಾಗುತ್ತಲೇ ಹೊರಗೆ ಹೋದ ಡಬಲ್‌ಕೋಟು, ಸಂಜೆ ಬಿಲ್ಡರ್ ಮತ್ತು ಪಾಲುದಾರರ ಜೊತೆ ಅವರದೇ ಕಾರಿನಲ್ಲಿ ಗತ್ತಿನಿಂದ ಬಂದಿಳಿದ. ಗೇಟಿಗೆ ಒಂದು ಬೋರ್ಡು ತೂಗುತ್ತಿತ್ತು: 'ಇಲ್ಲಿ ನಮ್ಮ ಕೆಲಸ ನಡೆಯುತ್ತಿದೆ'. ಕೆಳಗೆ ಪಕ್ಕದ ಬೀದಿಯ ಬಣ್ಣದ ಗುತ್ತಿಗೆದಾರನ ಹೆಸರು, ಫೋನ್ ನಂಬರು. ಬ್ರಷ್ಷು ಹಿಡಿಯಲು ಬಾರದವನು ಎಂದು ಡಬಲ್‌ಕೋಟು ಹದಿನೈದು ವರ್ಷದಿಂದ ಬೈದುಕೊಂಡು ಬಂದಿದ್ದು ಇವನನ್ನೇ. ಒಳಗೆ ನಾಲ್ಕು ಜನ ಸ್ಯಾಂಪಲ್ಲನ್ನು ಕೆರೆದು ಮೂಲೆಗೆ ಗುಡ್ಡೆ ಹಾಕಿದ್ದರು. ಅವಳು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಿರುಕಿಗೆ ಪುಟ್ಟಿ ತುಂಬುತ್ತಿದ್ದಳು. ಪಾಲುದಾರರು ಬೋರ್ಡನ್ನೂ ಡಬಲ್‌ಕೋಟಿನ ಮುಖವನ್ನೂ ನೋಡಿ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರು.

"ಯಾರನ್ನ ಕೇಳಿ ಕರೆಸಿದೆ ಇವರನ್ನ? ದುಡ್ಡು ಯಾರಪ್ಪ ಕೊಡ್ತಾನೆ?" ಎಂದು ಅವನು ಹಲ್ಲು ಕಡಿದ.

"ಕಂಪನಿ ಚೆಕ್ಕು ಕೊಟ್ಟೆ. ತೆರಿಗೆ ಉಳಿಸೋಕೆ ಅಂತ ಕಂಪನೀನ ನನ್ನ ಹೆಸರಲ್ಲಿ ಮಾಡಿದ್ದು ನೀವೇ ಅಲ್ವಾ?"

ಅವನ ದನಿ ಇಳಿಯಿತು. "ಎಲ್ಲರೆದುರು ಮಾನ ಕಳೀತಿದ್ದೀಯಲ್ಲೇ. ಆ ಬೋರ್ಡಾದ್ರೂ ತೆಗೆಸು."

"ಯಾಕೆ ತೆಗೀಬೇಕು ರೀ? ಮಾಡಿದ ಕೆಲಸಕ್ಕೆ ಹೆಸರು ಹಾಕ್ಕೊಳ್ಳೋಕೆ ಅವರಿಗೆ ನಾಚಿಕೆ ಇಲ್ಲ," ಎಂದಳು ಅವಳು, ತಿರುಗಿ ನೋಡದೆ. "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಪುಟ್ಟಿ ಇನ್ನೂ ಹಸಿ ಇದೆ."