ಅಣುವಾಗಿ ನಿಲ್ಲಿಸಿದ ದೇವಕಿ ಮೇಡಂ

ದೇವಕಿ ಮೇಡಂ ಪಾಠ ಮಾಡಬೇಕಾದರೆ ತರಗತಿಯಲ್ಲಿ ಯಾರಾದರೊಬ್ಬರು ಅಣುವಾಗಲೇಬೇಕಿತ್ತು. ಹುಡುಗನೊಬ್ಬನನ್ನು ಎಬ್ಬಿಸಿ, ಕೈಗಳನ್ನು ಇಳಿಜಾರಾಗಿ ಚಾಚಿಸಿ, "ಇವನೇ ನೀರು" ಎನ್ನುವರು. ಮನುಷ್ಯನ ಮೂಗು ಸಮಮಿತಿಗೆ ಅಡ್ಡಿಯೆಂದು ಅವನ ತಲೆಗೊಂದು ಟವೆಲ್ ಹೊದಿಸುವರು. ನಾವೆಲ್ಲ ಕಣ್ಣು ಮುಚ್ಚಬೇಕು. ತೆರೆದಾಗ ಒಂದೇ ಪ್ರಶ್ನೆ: "ಇವನನ್ನು ತಿರುಗಿಸಿದೆನಾ, ಇಲ್ಲವಾ?" ಹೇಳಲಾಗದಿದ್ದರೆ ಅದೇ ಸಮಮಿತಿ. ನೇಕಾರರ ಮನೆಯ ಮಗಳು ಅವರು. ಸಹೋದ್ಯೋಗಿಗಳ ಸೀರೆಯಂಚನ್ನು ಮೆಚ್ಚುವ ನೆವದಲ್ಲಿ ಹಿಡಿದು, ಅದರಲ್ಲೂ ಎರಡು ಪಾಲು ಒಂದೇ ಸಮ ಕಾಣುವಂತೆ ನಡುವೆ ಕನ್ನಡಿ ಎಲ್ಲಿ ನಿಲ್ಲುತ್ತದೆಂದು ಹುಡುಕುತ್ತಿದ್ದರು.

ಇಂಗಾಲ ಬೇಕಾದಾಗಲೆಲ್ಲ ನಾನು. "ನಡುವೆ ಭಾರ ಇರೋರೇ ಬೇಕು" ಎಂದು ನನ್ನ ಹೊಟ್ಟೆ ನೋಡಿ ಹೇಳುವರು. ನನ್ನ ಮಕ್ಕಳ ವಯಸ್ಸಿನವರ ನಡುವೆ ನಾನೊಬ್ಬ ನರೆಗೂದಲಿನ ವಿದ್ಯಾರ್ಥಿ. ಅನ್ನೂರಿನ ಶಾಲೆಯಲ್ಲಿ ಹತ್ತನೇ ತರಗತಿಗೆ ಪಾಠ ಹೇಳುತ್ತಿದ್ದೆ. ಹನ್ನೊಂದು, ಹನ್ನೆರಡಕ್ಕೆ ಹೇಳಲು ರಸಾಯನಶಾಸ್ತ್ರದ ಎಂ.ಎಸ್ಸಿ. ಬೇಕೆಂದು ರಜೆ ಹಾಕಿ ಈ ಕಾಲೇಜಿಗೆ ಬಂದಿದ್ದೆ. ಶಾಲೆಯವರು ಮಾಲೆ ಹಾಕಿ ಕಳಿಸಿದ್ದರು. ಫೇಲಾಗಿ ಹಿಂತಿರುಗಿದರೆ ಆ ಮಾಲೆ ಹಾಕಿದವರ ಮುಖವನ್ನು ಹೇಗೆ ನೋಡುವುದೆಂಬ ಚಿಂತೆ ಮೊದಲ ದಿನವೇ ಶುರುವಾಗಿತ್ತು.

ಕ್ಲಾಸಿನಲ್ಲಿ ತಮಿಳು. ವರಾಂಡಕ್ಕೆ ಬಂದರೆ ಮೇಡಂಗೂ ನನಗೂ ಮನೆಯ ಕನ್ನಡ; ಮೇಷ್ಟ್ರಾದ ನಾನು ಅವರ ಬಾಯಲ್ಲಿ 'ವಾದ್ಯಾರು'.

"ಏನ್ ವಾದ್ಯಾರೇ, ಮೊಗ ಯಾಕ್ ಹಿಂಗದೆ? ಮನೇಲಿ ಶಂಡೆಯಾ?"

"ಜಗಳ ಏನಿಲ್ಲ ಮೇಡಂ, ಪರೀಕ್ಷೆ ಭಯ."

"ಪರೀಕ್ಷೆಗೆ ಇನ್ನೂ ಎಷ್ಟೋ ತಿಂಗ್ಳು ಅದೆ. ಇರೋ ಭಯಾನೆಲ್ಲ ಈಗ್ಲೇ ಖರ್ಚು ಮಾಡ್ಬಿಟ್ರೆ ಆಮೇಲೇನ್ ಮಾಡ್ತೀರಿ?"

ಆಮೇಲಕ್ಕೂ ನನ್ನ ಬಳಿ ಧಾರಾಳವಾಗಿ ಉಳಿದಿತ್ತು.

ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೊಂದು ಹೆಸರಿಲ್ಲದ ಬಿಳಿ ಪುಡಿ ಕೊಟ್ಟರು. ಅದನ್ನು ಉಪ್ಪಿನೊಡನೆ ಅರೆದು, ಒತ್ತಿ, ತೆಳ್ಳನೆಯ ಬಿಲ್ಲೆ ಮಾಡಿ ಯಂತ್ರದೊಳಗಿಡಬೇಕು. ಅವಕೆಂಪು ಕಿರಣ ಅದರ ಮೂಲಕ ಹಾದು ತೆರೆಯ ಮೇಲೆ ಗೆರೆ ಮೂಡುತ್ತದೆ. ಗೆರೆಯ ಯಾವ ಜಾಗದಲ್ಲಿ ಕುಸಿತವಿದೆ ಎಂಬುದರಿಂದ ಪುಡಿ ಯಾವುದೆಂದು ಹೇಳಬೇಕು. ನಾನು ಬಿಲ್ಲೆಯನ್ನು ಇಟ್ಟವನು ಸುಮ್ಮನಿರಬಾರದೇ? ಒಡೆದಿದೆಯೋ ಏನೋ ಎಂದು ಮುಚ್ಚಳ ತೆರೆದು, ಬಗ್ಗಿ ನೋಡಿ, ಒಂದು ದೀರ್ಘ ನಿಟ್ಟುಸಿರು ಬಿಟ್ಟೆ. ಗೆರೆ ಬಂದಾಗ ಇರಬಾರದ ಜಾಗದಲ್ಲೊಂದು ಜೋಡಿ ಕುಸಿತ.

ಹೊರಗಿನ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಅಲ್ಲಿಗೇ ಬೆರಳಿಟ್ಟರು. "ಇದು ಯಾರು ಸಾರ್?"

"ಅದು... ಅದು ನಾನು ಸಾರ್. ನನ್ನ ಉಸಿರು. ಇಂಗಾಲದ ಡೈಆಕ್ಸೈಡು."

ಪಕ್ಕದ ಮೇಜಿನ ಹುಡುಗಿ ನಕ್ಕಳು. ಪರೀಕ್ಷಕರು ನಗಲಿಲ್ಲ. "ಅದು ಎರಡೂ ಕಡೆ ಒಂದೇ ಸಮ ಇರೋ ಅಣು. ಸಮ ಇರೋದು ಯಂತ್ರಕ್ಕೆ ಕಾಣಬಾರದಲ್ಲ, ಹೇಗೆ ಸಿಕ್ಕಿತು?"

ಮೇಡಂ ಅಲ್ಲೇ ಕೂತಿದ್ದರು, ಆದರೆ ಬಾಯಿ ಬಿಡುವಂತಿರಲಿಲ್ಲ. ಕಿಟಕಿಯಾಚೆಯ ಬೇವಿನ ಮರವನ್ನೇ ನೋಡುತ್ತಿದ್ದರು. ಮಾತಿಗಿಂತ ಮೊದಲು ನನ್ನ ಕೈಗಳು ಬಂದವು. ನಡುವಿನ ಇಂಗಾಲವಾಗಿ ಎದ್ದು ನಿಂತು, ಎರಡು ಆಮ್ಲಜನಕಗಳಾದ ಮುಷ್ಟಿಗಳನ್ನು ಒಟ್ಟಿಗೆ ಹೊರಕ್ಕೆ ಚಾಚಿದೆ. "ಹೀಗೆ ಹಿಗ್ಗಿದ್ರೆ ಕಾಣೋದಿಲ್ಲ." ಒಂದನ್ನು ಎದೆಗೆಳೆದುಕೊಂಡು ಇನ್ನೊಂದನ್ನು ಬೀಸಿದೆ. "ಹೀಗಾದ್ರೆ ಸಮತೋಲ ತಪ್ಪುತ್ತೆ, ಕಾಣುತ್ತೆ." ಬೀಸಿದ ಆಮ್ಲಜನಕ ಪರೀಕ್ಷಕರ ಕನ್ನಡಕಕ್ಕೆ ತಗುಲಿತು.

"ಪೋದುಂ ಸಾರ್, ಪೋದುಂ!" ಸಾಕು ಸಾಕೆಂದು ಅವರು ಕೈಯಡ್ಡ ಹಿಡಿದು ಹಿಂದೆ ಸರಿದು, ಕನ್ನಡಕ ಸರಿಪಡಿಸಿಕೊಂಡು ಅಂಕ ಬರೆದರು. ಮೇಡಂ ಇನ್ನೂ ಬೇವಿನ ಮರವನ್ನೇ ನೋಡುತ್ತಿದ್ದರು. ಭುಜ ಮಾತ್ರ ಕುಲುಕುತ್ತಿತ್ತು.

ಫಲಿತಾಂಶ ಬಂದ ಮೇಲೆ ಸಿಹಿ ಹಿಡಿದು ಸಿಂಗಾನಲ್ಲೂರಿನ ಅವರ ಮನೆಗೆ ಹೋದೆ. ಅವರಿಗೆ ಆಗಲೇ ನಿವೃತ್ತಿಯಾಗಿತ್ತು. ತಿರುಪ್ಪೂರಿನ ಮಗಳ ಮನೆಗೆ ಹೊರಡಲು ಗಂಟುಮೂಟೆ ಕಟ್ಟಿದ್ದರು.

"ಪಾಸಾಯ್ತಲ್ಲ, ಇನ್ನೇನ್ ಕವಲೆ ವಾದ್ಯಾರೇ?"

"ಚಿಂತೆ ಇದ್ದೇ ಇದೆ ಮೇಡಂ, ಇನ್ನು ಹನ್ನೊಂದನೇ ಕ್ಲಾಸಿಗೆ ಪಾಠ ಹೇಳಬೇಕಲ್ಲ. ಮಕ್ಕಳು ನಗ್ತಾರೇನೋ."

"ನಗ್ಲಿ ಬಿಡಿ. ನಕ್ಕೋರ್ ಯಾರೂ ಪಾಠ ಮರೆಯಲ್ಲ."

ಗೇಟಿನವರೆಗೆ ಬಂದು ಇನ್ನೂ ಏನೋ ಹೇಳಲು ಬಾಯಿ ತೆರೆದವರು, "ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದ್ಬಿಟ್ಟೆ!" ಎಂದು ಒಳಗೆ ಓಡಿದರು. ಬಸ್ಸು ಬಂತು, ಹತ್ತಿಬಿಟ್ಟೆ. ಆಮೇಲೆ ಅವರನ್ನು ಕಂಡಿಲ್ಲ. ಪರೀಕ್ಷೆ, ಮಾಲೆ ಎಲ್ಲ ತಲೆಯಿಂದ ಇಳಿದುಹೋಗಿದ್ದವು. ಹಾಲು ಉಕ್ಕಿತೋ ಇಲ್ಲವೋ ಎಂದು ಮಾತ್ರ ಅನ್ನೂರು ಮುಟ್ಟುವವರೆಗೂ ಯೋಚಿಸುತ್ತ ಕೂತಿದ್ದೆ.